ಎರಡು ಮಿಲಿಮೀಟರಿನೊಳಗೊಂದು ಮುಖ

ಪತ್ರ: ಅಕ್ಕನ ಮಗ ಮಂಗಳೂರಿನಲ್ಲಿ ದೃಶ್ಯಕಲೆಯ ಪದವಿಯ ಕೊನೆಯ ವರ್ಷದಲ್ಲಿದ್ದಾನೆ. ನಾಣ್ಯದ ವಿನ್ಯಾಸ ಮಾಡಿ ಅಚ್ಚು ಕೆತ್ತುವ ಕೆಲಸಕ್ಕೇ ಹೋಗುತ್ತೇನೆಂದು ಹಟ ಹಿಡಿದಿದ್ದಾನೆ. ಈಗ ದಕ್ಕೆಯಲ್ಲಿ ಬಂಗುಡೆ ಮಾರುವವರ ಬುಟ್ಟಿಯ ಪಕ್ಕದಲ್ಲೂ ಸ್ಕ್ಯಾನ್ ಮಾಡುವ ಫಲಕ ಬಂದಿದೆ. ನಾಣ್ಯವೇ ಮೂಲೆ ಸೇರುವ ಕಾಲದಲ್ಲಿ, ಇದ್ದಬದ್ದದ್ದನ್ನೆಲ್ಲ ಕಂಪ್ಯೂಟರೇ ಕೆತ್ತುವಾಗ, ಮಣ್ಣು ಮೆತ್ತಿಕೊಂಡು ಕೂತರೆ ಹೊಟ್ಟೆ ತುಂಬುತ್ತದೆಯೆ? ನೀವಾದರೂ ಅವನಿಗೆ ಬುದ್ಧಿ ಹೇಳಿ.
– ಓದುಗರು, ಕುಂದಾಪುರ

ಉತ್ತರ: ಬುದ್ಧಿ ಹೇಳೋಣ. ಆದರೆ ಹೇಳಬೇಕಾದ್ದು ಹುಡುಗನಿಗೋ ಮಾವನಿಗೋ ಎಂಬುದನ್ನು ಉತ್ತರ ಓದಿದ ಮೇಲೆ ನೀವೇ ನಿರ್ಧರಿಸಿ.

ನಿಮ್ಮ ಆತಂಕ ಸುಳ್ಳಲ್ಲ. ದೇಶದಲ್ಲಿರುವ ಸರ್ಕಾರಿ ಟಂಕಸಾಲೆಗಳು ನಾಲ್ಕೇ: ಮುಂಬೈ, ಕೋಲ್ಕತ್ತ, ಹೈದರಾಬಾದ್, ನೋಯ್ಡಾ. ಕೆತ್ತನೆಗಾರರ ಹುದ್ದೆಗೆ ಅರ್ಜಿ ಕರೆಯುವುದು ಅಪರೂಪ. ಉಕ್ಕು ಕೊರೆಯುವ ಕೆಲಸವನ್ನು ಇಂದು ಬಹುಪಾಲು ಕಂಪ್ಯೂಟರ್ ಹೇಳಿದಂತೆ ಕೊರೆಯುವ ಸಿಎನ್‌ಸಿ ಯಂತ್ರ ಮಾಡುತ್ತದೆ, ನಮಗಿಂತ ಚೊಕ್ಕವಾಗಿಯೇ ಮಾಡುತ್ತದೆ. ಇಷ್ಟನ್ನು ಒಪ್ಪಿದೆ.

ಆದರೆ ‘ಕಂಪ್ಯೂಟರೇ ಕೆತ್ತುತ್ತದೆ’ ಎಂದಿರಲ್ಲ, ಅಲ್ಲಿ ತಪ್ಪಿದಿರಿ ಮಾರಾಯ್ರೆ. ನಿಮ್ಮ ಕಿಸೆಯ ಹೊಸ ಐದು ರೂಪಾಯಿಯನ್ನು ತೆಗೆದು ನೋಡಿ. ಅದರ ಅಗಲ 25 ಮಿ.ಮೀ. ಕಲಾವಿದ ಮಾದರಿ ಮಾಡುವುದು ಸುಮಾರು 20 ಸೆಂ.ಮೀ. ಅಗಲದ ತಟ್ಟೆಯಲ್ಲಿ, ಎಂದರೆ ಎಂಟು ಪಟ್ಟು ದೊಡ್ಡದಾಗಿ. ನಾಣ್ಯದ ಚಿತ್ರ ಕಾಲು ಮಿ.ಮೀ. ಉಬ್ಬಿರಬೇಕು ಎಂದಾದರೆ ಮಾದರಿಯಲ್ಲಿ ಸಿಗುವ ಎತ್ತರ 2 ಮಿ.ಮೀ. ಅಷ್ಟೆ. ಒಬ್ಬ ಮನುಷ್ಯನ ಕೆನ್ನೆ, ಮೂಗು, ಕಿವಿ, ಕತ್ತಿನ ನರ ಎಲ್ಲ ಅಷ್ಟರೊಳಗೆ ಕೂರಬೇಕು. ಎತ್ತರ ಜಾಸ್ತಿ ಮಾಡುವಂತಿಲ್ಲ. ಚಿತ್ರ ಅಂಚಿನ ದಿಂಡನ್ನು ಮೀರಿದರೆ ನಾಣ್ಯಗಳು ಒಂದರ ಮೇಲೊಂದು ನಿಲ್ಲುವುದಿಲ್ಲ, ಸವೆಯುವಾಗ ಮೂಗೇ ಮೊದಲು ಸವೆಯುತ್ತದೆ.

ಸಾಫ್ಟ್‌ವೇರಿನಲ್ಲಿ ಇಡೀ ತಲೆಯನ್ನು ರೂಪಿಸಿ ಎತ್ತರವನ್ನು ಅದುಮಿದರೆ ಎಲ್ಲವೂ ಒಂದೇ ಪ್ರಮಾಣದಲ್ಲಿ ತಗ್ಗುತ್ತದೆ. ಕೆನ್ನೆ ಹೇಗೋ ಉಳಿಯುತ್ತದೆ, ಕಣ್ಣರೆಪ್ಪೆಯೂ ತುಟಿಯ ಅಂಚೂ ಅಳಿಸಿಹೋಗುತ್ತವೆ. ಕೈಯಲ್ಲಿ ಮಾಡುವವನು ಪ್ರಮಾಣ ನೋಡುವುದಿಲ್ಲ, ನೆರಳು ನೋಡುತ್ತಾನೆ. ದೀಪವನ್ನು ಪಕ್ಕದಲ್ಲಿ ತಗ್ಗಿಗಿಟ್ಟು, ರೆಪ್ಪೆಗೆ ಇರಬೇಕಾದ್ದಕ್ಕಿಂತ ಹೆಚ್ಚು ಎತ್ತರ ಕೊಟ್ಟು, ಕಿವಿಯನ್ನು ಇರುವುದಕ್ಕಿಂತ ಹಿಂದಕ್ಕೆ ತಳ್ಳುತ್ತಾನೆ. ಲೆಕ್ಕಕ್ಕೆ ತಪ್ಪಾದದ್ದು ಕಣ್ಣಿಗೆ ಸರಿಯಾಗಿ ಕಾಣುತ್ತದೆ. ಈ ಹದ ಬರುವುದು ಮಣ್ಣಿನಲ್ಲಿ ಬೆರಳಾಡಿಸಿದವನಿಗೆ. ಅಂಥವನು ಆಮೇಲೆ ಮೌಸ್ ಹಿಡಿದರೂ ಕೆಲಸ ಕೆಡುವುದಿಲ್ಲ.

ಕೆಲಸದ ಕ್ರಮವನ್ನೂ ಕೇಳಿ. ನಡುವೆ ತುಸು ತಗ್ಗಿರುವ ತಟ್ಟೆಯ ಮೇಲೆ ಪ್ಲಾಸ್ಟಿಸಿನ್ ಎಂಬ ಒಣಗದ ಮಣ್ಣು ಮೆತ್ತಿ ಚಿತ್ರ ಮಾಡುವುದು. ಅದರ ಮೇಲೆ ಪ್ಲಾಸ್ಟರ್ ಸುರಿದರೆ ತಗ್ಗಚ್ಚು ಸಿಗುತ್ತದೆ. ಅಕ್ಷರಗಳನ್ನು ಕೊರೆಯುವುದು ಈ ತಗ್ಗಚ್ಚಿನಲ್ಲಿ, ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ. ಉಬ್ಬಿದ ಅಕ್ಷರವನ್ನು ಸುತ್ತಲೂ ಕೆರೆದು ಎಬ್ಬಿಸುವುದಕ್ಕಿಂತ ಗೀರಿ ಕೊರೆಯುವುದು ಸಲೀಸು, ಗೆರೆಯೂ ಒಂದೇ ಸಮ ಬರುತ್ತದೆ. ಸಾಬೂನು ನೀರು ಸವರಿ ಮತ್ತೆ ಪ್ಲಾಸ್ಟರ್ ಎರೆದರೆ ಉಬ್ಬಚ್ಚು. ಸವರಲು ಮರೆತರೆ ಎರಡೂ ಅಂಟಿಕೊಂಡು ವಾರದ ಕೆಲಸ ಮಣ್ಣುಪಾಲು. ಉಬ್ಬಚ್ಚನ್ನು ಗಟ್ಟಿ ರಾಳದಲ್ಲಿ ತೆಗೆದು ಯಂತ್ರಕ್ಕೆ ಕೊಡುತ್ತಿದ್ದರು. ಫ್ರಾನ್ಸಿನ ಜಾನ್ವಿಯೇ ಹೆಸರಿನ ಆ ಯಂತ್ರದ ಒಂದು ತುದಿಯ ಮುಳ್ಳು ಮಾದರಿಯ ಮೇಲೆ ನಡುವಿನಿಂದ ಸುರುಳಿಯಾಗಿ ಹರಿಯುತ್ತಿದ್ದಂತೆ ಇನ್ನೊಂದು ತುದಿಯ ಕೊರೆಯುಳಿ ನಾಣ್ಯದ ಅಳತೆಗೆ ಉಕ್ಕನ್ನು ಕೊರೆಯುತ್ತಿತ್ತು. ಈಗ ಆ ಜಾಗಕ್ಕೆ ಸ್ಕ್ಯಾನರ್, ಸಿಎನ್‌ಸಿ ಬಂದಿವೆ. ಹೀಗೆ ಸಿಕ್ಕ ಉಬ್ಬು ಪಂಚನ್ನು, ಎಂದರೆ ಉಕ್ಕಿನ ಉಬ್ಬಚ್ಚನ್ನು, ಭೂತಗನ್ನಡಿಯಡಿ ಕೈಯುಳಿಯಿಂದ ತಿದ್ದಿ, ಕೆಂಪಗೆ ಕಾಯಿಸಿ ಎಣ್ಣೆಗಿಳಿಸಿ ಗಡುಸು ಮಾಡಿ, ಮತ್ತೆ ಮಂದ ಶಾಖದಲ್ಲಿ ಹದಕ್ಕೆ ತರುತ್ತಾರೆ. ಅದನ್ನು ಒತ್ತಿ ತಗ್ಗಿನ ಮೂಲ ಅಚ್ಚು, ಅದರಿಂದ ಮತ್ತೆ ಉಬ್ಬು ಪಂಚುಗಳು, ಅವುಗಳಿಂದ ನಾಣ್ಯ ಹೊಡೆಯುವ ಡೈಗಳು.

ಎಡವುವುದು ಎಲ್ಲೆಲ್ಲಿ ಎಂದರೆ, ಅಕ್ಷರದ ಬದಿಗಳು ಗೋಡೆಯಂತೆ ನೆಟ್ಟಗಿದ್ದರೆ ನಾಣ್ಯ ಡೈಯಿಂದ ಬಿಡಿಸಿಕೊಳ್ಳುವುದಿಲ್ಲ, ಓರೆ ಇರಲೇಬೇಕು. ಒಂದು ಮುಖದ ಎತ್ತರದ ಜಾಗಕ್ಕೆ ಸರಿಯಾಗಿ ಹಿಂಬದಿಯಲ್ಲೂ ಎತ್ತರ ಬಂದರೆ ಎರಡನ್ನೂ ತುಂಬುವಷ್ಟು ಲೋಹ ಅಲ್ಲಿ ಸಾಲುವುದಿಲ್ಲ, ಚಿತ್ರ ಚಪ್ಪಟೆಯಾಗಿ ಬೀಳುತ್ತದೆ. ಚೂಪು ಮೂಲೆಯಿದ್ದಲ್ಲಿ ಗಡುಸು ಮಾಡುವಾಗ ಉಕ್ಕು ಬಿರಿಯುತ್ತದೆ.

ನಮ್ಮ ಲಿಪಿಗೆ ಇನ್ನೊಂದು ತಾಪತ್ರಯವಿದೆ. ಠ, ಥ, ಧ, ರ ಇವುಗಳ ಹೊಟ್ಟೆ ದುಂಡಗೆ ಮುಚ್ಚಿಕೊಂಡಿರುತ್ತದೆ. ಡೈಯಲ್ಲಿ ಗೆರೆ ಎಂದರೆ ತೋಡು, ಹೊಟ್ಟೆ ಎಂದರೆ ಆ ತೋಡಿನ ನಡುವೆ ಒಂಟಿಯಾಗಿ ನಿಂತ ಉಕ್ಕಿನ ಪುಟ್ಟ ಕಂಬ. ಪ್ರತಿ ಹೊಡೆತಕ್ಕೂ ಅದು ಪೆಟ್ಟು ತಿನ್ನುತ್ತದೆ. ಕಂಬ ಸಿಡಿದ ದಿನದಿಂದ ಅಚ್ಚಾಗುವ ನಾಣ್ಯಗಳಲ್ಲೆಲ್ಲ ‘ರ’ದ ಹೊಟ್ಟೆ ತುಂಬಿಕೊಂಡಿರುತ್ತದೆ. ಹಾಗಾಗಿ ಅಕ್ಷರವನ್ನು ಅಗಲಿಸಿ, ಹೊಟ್ಟೆ ಹಿಗ್ಗಿಸಿ ಬರೆಯಬೇಕು. ಕಂಪ್ಯೂಟರಿನ ಫಾಂಟನ್ನು ಎತ್ತಿ ಹಾಕಿದರೆ ಆಗದು. ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ಕಾಸುಗಳ ಮೇಲೆ ಕನ್ನಡ ಅಕ್ಷರ ಕೆತ್ತಿದವರು ಇದನ್ನೆಲ್ಲ ಕೈಯಲ್ಲೇ ನಿಭಾಯಿಸಿದ್ದರು.

ಇಷ್ಟು ಸಣ್ಣದಕ್ಕೆ ಇಷ್ಟೆಲ್ಲ ಏಕೆ ಎಂದು ನೀವು ಕೇಳಬಹುದು. 1911ರ ರೂಪಾಯಿಯಲ್ಲಿ ಐದನೇ ಜಾರ್ಜ್ ದೊರೆಯ ನಿಲುವಂಗಿಯ ಮೇಲೊಂದು ಪುಟಾಣಿ ಆನೆಯಿತ್ತು. ಸೊಂಡಿಲು ಗಿಡ್ಡ, ಕಾಲು ಮೋಟು. ಜನರ ಕಣ್ಣಿಗೆ ಅದು ಹಂದಿಯಾಗಿ ಕಂಡಿತು, ಗಲಾಟೆಯಾಯಿತು. ಸುಮಾರು 94 ಲಕ್ಷ ನಾಣ್ಯ ಅಚ್ಚಾಗಿತ್ತು, ಹೊರಗೆ ಬಂದದ್ದು ಸುಮಾರು 7 ಲಕ್ಷ. ಉಳಿದದ್ದನ್ನು ತಡೆಹಿಡಿದರು. 1912ರಲ್ಲಿ ಸೊಂಡಿಲು ಉದ್ದವಾಯಿತು. ಇದಕ್ಕೆಲ್ಲ ಕಾರಣ ಕೂದಲೆಳೆಯಷ್ಟು ಗೆರೆ.

ನಮ್ಮೂರಿನ ಚಿನ್ನದಂಗಡಿಗಳಲ್ಲಿ ಇಂದಿಗೂ ಪವನಿನ ಲೆಕ್ಕ. ಎಂಟು ಗ್ರಾಮಿನ ಆ ಪವನು ಇಂಗ್ಲೆಂಡಿನ ಸಾವರಿನ್ ನಾಣ್ಯದ ತೂಕವೇ. ಅದರ ಮೇಲಿನ ಕುದುರೆ ಸವಾರನನ್ನು 1817ರಲ್ಲಿ ರೂಪಿಸಿದ್ದು ಇಟಲಿಯ ಬೆನೆಡೆಟ್ಟೊ ಪಿಸ್ಟ್ರೂಚಿ. ಮೊದಲಿಗೆ ಅವನು ರತ್ನದ ಮೇಲೆ ಕೆತ್ತುತ್ತಿದ್ದ ಕಸುಬುದಾರ, ಎಂದರೆ ನಮ್ಮ ಆಚಾರ್ಯರ ಬಂಧು. ವಾಟರ್ಲೂ ಯುದ್ಧದ ಗೆಲುವಿನ ನೆನಪಿನ ಪದಕದ ಅಚ್ಚಿಗೆ ಅವನು ಹಿಡಿದದ್ದು 30 ವರ್ಷ. ಮುಗಿದ ಮೇಲೆ, ಅಷ್ಟು ದೊಡ್ಡ ಉಕ್ಕನ್ನು ಗಡುಸು ಮಾಡಲು ಹೋದರೆ ಸೀಳಿಬಿಟ್ಟೀತೆಂದು ಯಾರೂ ಧೈರ್ಯ ಮಾಡಲಿಲ್ಲ. ಆ ಅಚ್ಚಿನಿಂದ ಒಂದು ಪದಕವನ್ನೂ ಹೊಡೆಯಲಿಲ್ಲ.

ನನ್ನ ಸಂಕಟ ಬೇರೊಂದಿದೆ. ಅಮೆರಿಕದ ಲಿಂಕನ್ ಸೆಂಟ್ ನಾಣ್ಯದ ಮೇಲೆ ಅದನ್ನು ರೂಪಿಸಿದ ವಿಕ್ಟರ್ ಬ್ರೆನ್ನರ್ ತನ್ನ ಹೆಸರಿನ ಮೂರಕ್ಷರ ಹಾಕಿದ್ದ. 1909ರಲ್ಲಿ ಕೆಲವೇ ದಿನಗಳಲ್ಲಿ ಅದನ್ನು ಕಿತ್ತರು, 1918ರಲ್ಲಿ ಮರಳಿ ಕೂರಿಸಿದರು. ನಮ್ಮ ನಾಣ್ಯಗಳಲ್ಲಿ ಟಂಕಸಾಲೆಗೆ ಗುರುತುಂಟು: ಮುಂಬೈಗೆ ವಜ್ರಾಕಾರ, ಹೈದರಾಬಾದಿಗೆ ನಕ್ಷತ್ರ, ನೋಯ್ಡಾಕ್ಕೆ ಚುಕ್ಕಿ. ಕೆತ್ತಿದವನಿಗೆ ಏನೂ ಇಲ್ಲ. ‘ಕಮ್ಮಟ’ ಎಂಬ ಮಾತಿಗೆ ನಾಣ್ಯ ಅಚ್ಚು ಹಾಕುವ ಜಾಗವೆಂಬ ಅರ್ಥವೂ ನಮಗೆ ಮರೆತಿದೆ. ಕಾವ್ಯ ಕಮ್ಮಟಕ್ಕೆ ಹೋಗಿ ಬರುತ್ತೇವೆ, ಅಷ್ಟೆ. ಶಾಲೆಯ ಕ್ರೀಡಾಕೂಟದ ಪದಕ ನೋಡಿ: ಸಗಟಿಗೆ ತಂದ ಬಿಲ್ಲೆ, ನಡುವೆ ಕಾಗದದ ಸ್ಟಿಕ್ಕರ್. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಸ್ಟಿಕ್ಕರ್ ಎದ್ದುಬರುತ್ತದೆ, ಗೆದ್ದ ಮಗುವಿಗೆ ಉಳಿಯುವುದು ಬೋಳು ತಗಡು. ಒಂದು ಅಚ್ಚು ಮಾಡಿಸಿಟ್ಟರೆ ಶಾಲೆಗೆ ಹತ್ತಾರು ವರ್ಷ ಬರುತ್ತದೆ. ಮಾಡಿಸುವವರಿಲ್ಲ, ಆಮೇಲೆ ‘ಮಾಡುವವರು ಎಲ್ಲಿದ್ದಾರೆ’ ಎಂದು ನಾವೇ ಕೇಳುತ್ತೇವೆ.

ಇನ್ನು ಹೊಟ್ಟೆಪಾಡು. ಟಂಕಸಾಲೆಗಳನ್ನು ನಡೆಸುವ ಸರ್ಕಾರಿ ನಿಗಮ ಕೆತ್ತನೆಗಾರರ ಹುದ್ದೆಗೆ ಕಲಾಪದವಿ ಕೇಳುತ್ತದೆ. ಅದು ನಿಮ್ಮ ಹುಡುಗನ ಕೈಗೆ ಬರಲಿದೆ. ಕೈ ಪಳಗಲು ಕಾರ್ಕಳ ಮಿಯಾರಿನ ಸಿ.ಇ. ಕಾಮತ್ ಸಂಸ್ಥೆಯಲ್ಲಿ ಕಲ್ಲು, ಮರ, ಲೋಹದ ಕೆತ್ತನೆ ಕಲಿಸುತ್ತಾರೆ. ಸರ್ಕಾರಿ ಕೆಲಸ ಸಿಗುವ ತನಕ ಕೈಕಟ್ಟಿ ಕೂರಬೇಕಾಗಿಲ್ಲ. ಅಕ್ಷಯ ತೃತೀಯೆಗೆ ಮಾರುವ ಲಕ್ಷ್ಮಿಯ ಬಿಲ್ಲೆಗೂ, ದೇವಸ್ಥಾನದ ಬೆಳ್ಳಿ ಪದಕಕ್ಕೂ, ಒಡವೆಯ ಎರಕಕ್ಕೂ ಯಾರಾದರೂ ಮೊದಲ ಮಾದರಿ ಮಾಡಲೇಬೇಕಲ್ಲ. ಸಾಫ್ಟ್‌ವೇರನ್ನೂ ಕಲಿಯಲಿ, ಬೇಡವೆಂದವರಾರು? ಮಣ್ಣು ಮೊದಲು, ಅದು ಆಮೇಲೆ.

ಅವನನ್ನು ಒಮ್ಮೆ ಉಡುಪಿಗೆ ಕರೆದುಕೊಂಡು ಹೋಗಿ. ಹಾಜಿ ಅಬ್ದುಲ್ಲಾ ಸಾಹೇಬರ ಮನೆಯಲ್ಲಿ ಮಾಡಿರುವ ನಾಣ್ಯ ಸಂಗ್ರಹಾಲಯ ನೋಡಲಿ. ಹಿಂದೆ ತುಳುನಾಡನ್ನು ಆಳಿದ ಆಳುಪರು ಅಚ್ಚು ಹಾಕಿಸಿದ ಚಿನ್ನದ ನಾಣ್ಯಗಳ ಮೇಲೆ ಎರಡು ಮೀನುಗಳಿವೆ. ಮನೆಗೆ ಬಂದು ಆ ಎರಡು ಮೀನುಗಳನ್ನು 20 ಸೆಂ.ಮೀ. ತಟ್ಟೆಯಲ್ಲಿ, 2 ಮಿ.ಮೀ. ಮೀರದಂತೆ ಮಾಡಲಿ. ಬದಿಯಿಂದ ಬೆಳಕು ಬಿಟ್ಟು ಫೋಟೊ ತೆಗೆದು ನಮಗೆ ಕಳಿಸಿ. ಪತ್ರಿಕೆಯಲ್ಲಿ ಅಚ್ಚು ಹಾಕುತ್ತೇವೆ, ಕೆಳಗೆ ಅವನ ಹೆಸರಿನೊಂದಿಗೆ.

– ಸಂಪಾದಕ