ಉಪ್ಪಿನಕಾಯಿ ಭರಣಿ ಸೂರ್ಯನ ಕುದುರೆಗೆ ಮನೆಯಲ್ಲ

ಪ್ರಶ್ನೆ: ಮಗಳು ಹಿತ್ತಲಲ್ಲಿ ಸಿಕ್ಕ ಸೂರ್ಯನ ಕುದುರೆಯ (ಮ್ಯಾಂಟಿಸ್ ಹುಳದ) ಮರಿಯನ್ನು ಉಪ್ಪಿನಕಾಯಿ ಭರಣಿಯಲ್ಲಿ ಸಾಕಿದ್ದಳು. ಮೂರು ದಿನ ಏನೂ ತಿನ್ನಲಿಲ್ಲ. ಆಮೇಲೆ ಪೊರೆ ಬಿಡುವಾಗ ಬಿದ್ದು ಕಾಲು ಸೊಟ್ಟಗಾಯಿತು. ಹಸಿವಿನಿಂದ ಹೀಗಾಯಿತೆ? (ಗದಗ)

ಉತ್ತರ: ಹಸಿವಲ್ಲ, ತಪ್ಪು ಭರಣಿಯದು. ಪೊರೆ ಬಿಡುವ ಎರಡು-ಮೂರು ದಿನ ಮೊದಲೇ ಅದು ಆಹಾರ ಮುಟ್ಟುವುದಿಲ್ಲ. ನಂತರ ತಲೆಕೆಳಗಾಗಿ ಜೋತುಬಿದ್ದು, ತನ್ನ ಭಾರದಿಂದಲೇ ಹಳೆಯ ಚರ್ಮದೊಳಗಿಂದ ಜಾರಿ ಹೊರಬರುತ್ತದೆ. ನುಣುಪಾದ ಮುಚ್ಚಳದಲ್ಲಿ ಉಗುರು ನಿಲ್ಲುವುದಿಲ್ಲ. ಎತ್ತರ ಸಾಲದಿದ್ದರೆ ಮೆತ್ತನೆಯ ಹೊಸ ಮೈ ತಳಕ್ಕೆ ತಾಗಿ ಮಡಚುತ್ತದೆ, ಮಡಚಿದಂತೆಯೇ ಗಟ್ಟಿಯಾಗುತ್ತದೆ. ಹುಳದ ಉದ್ದದ ಮೂರು ಪಟ್ಟು ಎತ್ತರ, ಎರಡು ಪಟ್ಟು ಅಗಲವಿರುವ ಡಬ್ಬಿ ತೆಗೆದುಕೊಳ್ಳಿ. ಮುಚ್ಚಳದ ಬದಲು ಸೊಳ್ಳೆಪರದೆಯ ತುಂಡು ಬಿಗಿದು ರಬ್ಬರ್ ಬ್ಯಾಂಡ್ ಹಾಕಿ.

ಬೇಸಿಗೆಯ ಒಣ ಗಾಳಿಗೆ ಪೊರೆ ಮೈಗೆ ಅಂಟಿಕೊಳ್ಳುವುದೂ ಉಂಟು. ದಿನಕ್ಕೊಮ್ಮೆ ಡಬ್ಬಿಯ ಒಳಗೋಡೆಗೆ ಸ್ಪ್ರೇ ಬಾಟಲಿಯಿಂದ ನೀರು ಸಿಂಪಡಿಸಿ. ಆ ಹನಿಗಳನ್ನೇ ಅದು ಕುಡಿಯುತ್ತದೆ. ಬಟ್ಟಲಲ್ಲಿ ನೀರಿಟ್ಟರೆ ಮರಿ ಮುಳುಗೀತು. ಊಟ ಬಿಟ್ಟಿತೆಂದು ಕಂಡ ಕೂಡಲೇ ತಿನ್ನಲೆಂದು ಒಳಗೆ ಬಿಟ್ಟ ಮಿಡತೆಯನ್ನು ತೆಗೆದುಬಿಡಿ, ಜೋತುಬಿದ್ದ ಹುಳವನ್ನು ಅದು ಕಚ್ಚಬಹುದು. ಡಬ್ಬಿಯನ್ನೂ ಅಲುಗಿಸಬೇಡಿ. ಪೊರೆ ಬಿಟ್ಟ ಮೇಲೆ ಒಂದು ದಿನ ಕಾದು ಆಹಾರ ಕೊಡಿ.

ನಿಮ್ಮದು ಇನ್ನೂ ರೆಕ್ಕೆ ಬಾರದ ಮರಿಯಾದ್ದರಿಂದ ಸೊಟ್ಟ ಕಾಲು ಮುಂದಿನ ಪೊರೆಯಲ್ಲಿ ಎಷ್ಟೋ ಸರಿಹೋದೀತು. ರೆಕ್ಕೆ ಬಂದ ಮೇಲೆ ಮತ್ತೆ ಪೊರೆ ಬಿಡುವುದಿಲ್ಲ, ಆಗ ಆದ ಊನ ಕೊನೆಯವರೆಗೂ ಉಳಿಯುತ್ತದೆ. ಬೇಟೆ ಹಿಡಿಯುವ ಮುಂಗಾಲೇ ಕೆಟ್ಟಿದ್ದರೆ, ನೊಣವನ್ನು ಹಿಸುಕಿ ಚಿಮಟದಲ್ಲಿ ಬಾಯಿಗೆ ಹಿಡಿಯಬೇಕಾಗುತ್ತದೆ. ತಾಳ್ಮೆ ಬೇಡುವ ಕೆಲಸ.

ಪ್ರಶ್ನೆ: ಬೇಲಿಯ ಕಡ್ಡಿಗೆ ಅಂಟಿದ್ದ, ಒಣಗಿದ ನೊರೆಯಂಥ ಸೂರ್ಯನ ಕುದುರೆಯ ಮೊಟ್ಟೆಗೂಡು ತಂದಿಟ್ಟಿದ್ದೆವು. ಒಂದೇ ಬೆಳಿಗ್ಗೆ ನೂರಕ್ಕೂ ಹೆಚ್ಚು ಮರಿ! ಏನು ತಿನ್ನಿಸಬೇಕು? (ಧಾರವಾಡ)

ಉತ್ತರ: ಹಣ್ಣಿನ ನೊಣ. ಕಳಿತ ಬಾಳೆಹಣ್ಣನ್ನು ಬಾಟಲಿಯಲ್ಲಿ ತೆರೆದಿಟ್ಟರೆ ಅವು ತಾವಾಗಿಯೇ ಮುತ್ತುತ್ತವೆ. ಬಂದ ಮೇಲೆ ಬಾಯಿಗೆ ಬಟ್ಟೆ ಕಟ್ಟಿ. ಅವುಗಳ ಮೊಟ್ಟೆಯಿಂದ ಹೊಸ ನೊಣ ಏಳಲು ಹತ್ತು ದಿನವಾದರೂ ಬೇಕು, ಹಾಗಾಗಿ ಮುಂದಿನ ಸಲ ಗೂಡು ತಂದ ದಿನವೇ ಬಾಟಲಿ ಇಡಿ. ಇರುವೆ ಹಾಕಬೇಡಿ. ನೂರನ್ನೂ ಸಾಕುವ ಆಸೆ ಬಿಡಿ: ಒಟ್ಟಿಗಿದ್ದರೆ ಒಂದನ್ನೊಂದು ತಿನ್ನುತ್ತವೆ. ಐದಾರನ್ನು ಬೇರೆ ಬೇರೆ ಡಬ್ಬಿಗೆ ಹಾಕಿ, ಉಳಿದವನ್ನು ಗಿಡಗಳ ಮೇಲೆ ಬಿಟ್ಟುಬಿಡಿ. ಬೆಳೆದಂತೆ ಮನೆನೊಣ, ಪತಂಗ, ಮಿಡತೆ ಕೊಡಬಹುದು. ಬೇಟೆ ಹುಳದ ಅರ್ಧ ಉದ್ದವನ್ನು ಮೀರಬಾರದು. ಎಣ್ಣೆ (ಕೀಟನಾಶಕ) ಹೊಡೆದ ಹತ್ತಿ, ಮೆಣಸಿನಕಾಯಿ ಹೊಲದಿಂದ ಹಿಡಿದದ್ದು ಬೇಡವೇ ಬೇಡ.

ಪ್ರಶ್ನೆ: ನಮ್ಮ ಸೂರ್ಯನ ಕುದುರೆಯ ಕಣ್ಣಲ್ಲಿ ಕಪ್ಪು ಚುಕ್ಕೆ ಇದೆ, ನಾವು ಸರಿದತ್ತ ಅದೂ ಸರಿಯುತ್ತದೆ. ರೋಗವೇ? (ಹಾವೇರಿ)

ಉತ್ತರ: ಅಲ್ಲ. ಅನೇಕ ಪುಟ್ಟ ಕಣ್ಣುಗಳು ಕೂಡಿದ ಅದರ ಸಂಯುಕ್ತ ಕಣ್ಣಿನಲ್ಲಿ ನಿಮ್ಮತ್ತ ನೇರವಾಗಿರುವ ಭಾಗ ಬೆಳಕನ್ನು ಹೀರಿಕೊಂಡು ಕಪ್ಪಾಗಿ ಕಾಣುತ್ತದೆ, ಅಷ್ಟೆ. ರಾತ್ರಿ ಇಡೀ ಕಣ್ಣು ಕಪ್ಪಾದರೂ ಸಹಜವೇ. ಚುಕ್ಕೆ ಒಂದೇ ಕಡೆ ನಿಂತಿದ್ದರೆ ಮಾತ್ರ ಅದು ಗಾಯ. ಗಾಜಿಗೆ ಕಣ್ಣು ಉಜ್ಜಿಕೊಂಡಿರಬಹುದು, ಪರದೆಯ ಗೂಡಿಗೆ ಬದಲಿಸಿ.