ಡಬ್ಬಿಗೆ ಎಷ್ಟು ಹಾಕಬೇಕು?

ಪ್ರಶ್ನೆ: ಮಗಳು ಕಾನ್ವೆಂಟ್ ಶಾಲೆಯಲ್ಲಿ 5ನೇ ಕ್ಲಾಸು. ನಾವು ಕ್ರೈಸ್ತರಲ್ಲ. ಈ ಸಲ ಶಿವರಾತ್ರಿ ಕಳೆದು ಮೂರೇ ದಿನಕ್ಕೆ ಅವಳ ಗೆಳತಿ ಹಣೆಗೆ ಬೂದಿ ಹಚ್ಚಿಕೊಂಡು ಬಂದಿದ್ದಳಂತೆ. ಆಮೇಲೆ ನಮ್ಮವಳೂ ಒಂದು ರಟ್ಟಿನ ಡಬ್ಬಿ ತಂದು ಟಿವಿ ಪಕ್ಕ ಇಟ್ಟಿದ್ದಾಳೆ, ಈಸ್ಟರ್ ತನಕ ಚಾಕೊಲೇಟ್ ಬೇಡ ಅನ್ನುತ್ತಾಳೆ. ಇದೆಲ್ಲ ಏನು? ಡಬ್ಬಿಗೆ 500 ರೂಪಾಯಿ ಹಾಕಿದರೆ ಸಾಕಾ?
— ಒಬ್ಬ ತಾಯಿ, ಶಿವಮೊಗ್ಗ

ಉತ್ತರ: ಅಮ್ಮಾ, ದಯವಿಟ್ಟು 500 ಹಾಕಬೇಡಿ. ನೀವು ನೋಟು ಹಾಕಿದ ದಿನ ಆ ಡಬ್ಬಿ ನಿಮ್ಮದಾಗುತ್ತದೆ, ಮಗಳದ್ದಾಗಿ ಉಳಿಯುವುದಿಲ್ಲ.

ಮೊದಲು ಬೂದಿಯ ವಿಷಯ ಹೇಳುತ್ತೇನೆ. ಅವತ್ತು ವಿಭೂತಿ ಬುಧವಾರ, 2026ರಲ್ಲಿ ಫೆಬ್ರವರಿ 18ಕ್ಕೆ ಬಂತು. ಹಿಂದಿನ ವರ್ಷ ಗರಿಗಳ ಭಾನುವಾರ, ಅಂದರೆ ಈಸ್ಟರ್‌ಗೆ ಮೊದಲಿನ ಭಾನುವಾರ, ಚರ್ಚಿನಲ್ಲಿ ಆಶೀರ್ವಾದ ಮಾಡಿಸಿ ಮನೆಗೆ ತಂದ ಗರಿ ಇರುತ್ತದಲ್ಲ, ಒಣಗಿದ ಮೇಲೆ ಅದನ್ನೇ ಸುಟ್ಟು ಬೂದಿ ಮಾಡುತ್ತಾರೆ. 'ನೀನು ಮಣ್ಣು, ಮತ್ತೆ ಮಣ್ಣಿಗೇ ಸೇರುತ್ತೀಯ' ಅಂತ ಹೇಳಿ ಹಣೆಗೆ ಇಡುತ್ತಾರೆ. ಶಿವರಾತ್ರಿಗೆ ವಿಭೂತಿ ಇಟ್ಟುಕೊಂಡವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿಂದ ಏಪ್ರಿಲ್ 5ರ ಈಸ್ಟರ್ ತನಕ ತಪಸ್ಸು ಕಾಲ. ಎಣಿಸಿದರೆ 46 ದಿನ ಬರುತ್ತದೆ. ನಡುವಿನ ಆರು ಭಾನುವಾರ ಬಿಟ್ಟರೆ 40, ಯೇಸು ಮರುಭೂಮಿಯಲ್ಲಿ ಉಪವಾಸ ಇದ್ದಷ್ಟು ದಿನ. ಈ ದಿನಗಳಲ್ಲಿ ಮಾಡಬೇಕಾದ್ದು ಮೂರು: ಪ್ರಾರ್ಥನೆ, ಉಪವಾಸ, ದಾನ.

ಈಗ ಡಬ್ಬಿಗೆ ಬರೋಣ. ಅದು ದಾನದ ಡಬ್ಬಿ. ಉಪವಾಸಕ್ಕೂ ದಾನಕ್ಕೂ ನಂಟು ಇರುವುದೇ ಇಲ್ಲಿ. ನಾನು ಬಿಟ್ಟದ್ದು ಇನ್ನೊಬ್ಬರ ಹೊಟ್ಟೆಗೆ ಸೇರಬೇಕು. ಚಾಕೊಲೇಟ್ ಬಿಟ್ಟು ಆ ದುಡ್ಡು ಜೇಬಿನಲ್ಲೇ ಉಳಿದರೆ ಅದು ಬರೀ ಉಳಿತಾಯ. ಹಾಗಾಗಿ ನಿಮ್ಮ ಮಗಳು ತಿನ್ನದೇ ಬಿಟ್ಟ ಚಾಕೊಲೇಟಿನ ಹತ್ತು ರೂಪಾಯಿ ಅವಳ ಕೈಯಿಂದಲೇ ಡಬ್ಬಿಗೆ ಬೀಳಲಿ. ವಾರಕ್ಕೆ ಒಂದೇ ನಾಣ್ಯ ಬಿದ್ದರೂ ಸಾಕು. ಚರ್ಚಿನ ನಿಯಮದಲ್ಲಿ ಉಪವಾಸ ಕಡ್ಡಾಯ ಇರುವುದು 18ರಿಂದ 59 ವಯಸ್ಸಿನವರಿಗೆ ಮಾತ್ರ, ಅದೂ ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ ಎರಡೇ ದಿನ. ಮಕ್ಕಳಿಗೆ ಇಲ್ಲ. ಅವಳು ಊಟ ಬಿಡುತ್ತೇನೆ ಅಂದರೆ ಮಾತ್ರ ಬೇಡ ಅನ್ನಿ, ಪರೀಕ್ಷೆ ಬೇರೆ ಹತ್ತಿರ ಬಂತು.

ನಮ್ಮ ಮಲೆನಾಡಿನ ಎಷ್ಟೋ ಕಾನ್ವೆಂಟ್ ಶಾಲೆಗಳಲ್ಲಿ ಕ್ರೈಸ್ತ ಮಕ್ಕಳಿಗಿಂತ ಬೇರೆ ಮನೆಯ ಮಕ್ಕಳೇ ಜಾಸ್ತಿ. ಡಬ್ಬಿ ಬೇಡ ಅನಿಸಿದರೆ ವಾಪಸ್ ಕಳಿಸಿ, ಸಂಕೋಚ ಪಡಬೇಡಿ. ಇಟ್ಟುಕೊಂಡರೆ ದುಡ್ಡು ಎಲ್ಲಿಗೆ ಹೋಗುತ್ತದೆ ಅಂತ ಸಿಸ್ಟರ್ ಹತ್ತಿರ ಕೇಳಿ. ಕೇಳುವುದು ತಪ್ಪಲ್ಲ. ಮಗಳಿಗೂ ಅದು ಗೊತ್ತಿರಬೇಕು.

ಪ್ರಶ್ನೆ: ತೀರ್ಥಹಳ್ಳಿ ಕಡೆಯ ಒಂದು ಕಥೋಲಿಕ ಶಾಲೆಗೆ ಹೊಸದಾಗಿ ಸೇರಿದ್ದೇನೆ. ಶುಕ್ರವಾರದ ಶಿಲುಬೆ ಹಾದಿ (ಯೇಸು ಶಿಲುಬೆ ಹೊತ್ತು ನಡೆದದ್ದನ್ನು 14 ಸ್ಥಳಗಳಾಗಿ ನೆನೆಯುವ ಪ್ರಾರ್ಥನೆ) ಮತ್ತು ದಾನ ಸಂಗ್ರಹ ಎರಡೂ ನನ್ನ ಪಾಲಿಗೆ ಬಂದಿವೆ. ಮಕ್ಕಳಿಗೆ ಪ್ರಾರ್ಥನೆ ಬೇಜಾರು. ಜಾಸ್ತಿ ಕೊಟ್ಟ ಕ್ಲಾಸಿಗೆ ಬಹುಮಾನ ಇಡೋಣವೇ?
— ಒಬ್ಬ ಶಿಕ್ಷಕಿ

ಉತ್ತರ: ಬೇಡ ಟೀಚರ್, ಖಂಡಿತ ಬೇಡ.

ನಾನು 6ನೇ ಕ್ಲಾಸಿನಲ್ಲಿದ್ದಾಗ ನಮ್ಮ ಶಾಲೆಯಲ್ಲಿ ಯಾರು ಎಷ್ಟು ತಂದರು ಅಂತ ಬೋರ್ಡಿನ ಮೇಲೆ ಬರೆಯುತ್ತಿದ್ದರು. ಅಪ್ಪ ಅಡಿಕೆ ತೋಟದಲ್ಲಿ ಕೂಲಿ. ಆ ವಾರ ಮನೆಯಲ್ಲಿ ದುಡ್ಡಿರಲಿಲ್ಲ. ನನ್ನ ಹೆಸರಿನ ಮುಂದೆ ಸೀಮೆಸುಣ್ಣದಲ್ಲಿ ದುಂಡಗೆ ಒಂದು ಸೊನ್ನೆ. ಮಧ್ಯಾಹ್ನ ಬೋರ್ಡ್ ಒರೆಸಿದರೂ ಸೊನ್ನೆಯ ಗುರುತು ಮಸುಕಾಗಿ ಹಾಗೇ ಇತ್ತು, ನಾನು ಅದನ್ನೇ ನೋಡುತ್ತಾ ಕೂತಿದ್ದೆ. ಹೊಟ್ಟೆನೋವು ಅಂತ ಸುಳ್ಳು ಹೇಳಿ ಎರಡು ದಿನ ಶಾಲೆಗೆ ಹೋಗಲಿಲ್ಲ. ವಿಭೂತಿ ಬುಧವಾರ ಚರ್ಚಿನಲ್ಲಿ ಓದುವುದು ಮತ್ತಾಯನ ಸುವಾರ್ತೆಯ ಆರನೇ ಅಧ್ಯಾಯ. ಬಲಗೈ ಕೊಟ್ಟದ್ದು ಎಡಗೈಗೂ ಗೊತ್ತಾಗಬಾರದು ಅಂತ ಯೇಸು ಹೇಳಿದ್ದು ಅಲ್ಲೇ. ಅದನ್ನು ಓದಿಸಿ ಆಮೇಲೆ ಬೋರ್ಡಿನ ಮೇಲೆ ಲೆಕ್ಕ ಬರೆದರೆ ಮಕ್ಕಳು ಯಾವುದನ್ನು ನಂಬಬೇಕು?

ಹಿಡಿ ಅಕ್ಕಿ ಮಾಡಿ ನೋಡಿ. ಪ್ರಾರ್ಥನಾ ಕೋಣೆಯ ಬಾಗಿಲ ಹಿಂದೆ ಒಂದು ಡ್ರಮ್ ಇಡಿ. ತಂದವರು ಗಂಟೆ ಹೊಡೆಯುವ ಮೊದಲೇ ಹಾಕಿ ಹೋಗಲಿ. ದಪ್ಪಕ್ಕಿ, ಸಣ್ಣಕ್ಕಿ, ಕುಚ್ಚಲಕ್ಕಿ ಎಲ್ಲ ಬೆರೆತರೆ ಯಾರ ಹಿಡಿ ಯಾವುದು ಅಂತ ಯಾರಿಗೂ ತಿಳಿಯುವುದಿಲ್ಲ. ಏನೂ ತರಲಾಗದ ಮಗುವೂ ಆ ಕೋಣೆಗೆ ಹೋಗಿ ಬರಬಹುದು. ಬೆರಕೆ ಅಕ್ಕಿ ಅನ್ನಕ್ಕೆ ಸರಿ ಬೇಯುವುದಿಲ್ಲ ನಿಜ, ಗಂಜಿಗೆ ಅಥವಾ ಹಿಟ್ಟಿಗೆ ಆಗುತ್ತದೆ. ಊರಲ್ಲಿ ಒಬ್ಬರೇ ಇರುವ ಅಜ್ಜಿಯರ ಮನೆಗೆ, ವೃದ್ಧಾಶ್ರಮಕ್ಕೆ ಕೊಡಲು ಹೋಗುವಾಗ ನಾಲ್ಕೈದು ಮಕ್ಕಳನ್ನು ಜೊತೆಗೆ ಕರೆದುಕೊಂಡು ಹೋಗಿ. ಫೋಟೋ ಮಾತ್ರ ಬೇಡ. ಆ ಅಜ್ಜಿಗೂ ಮರ್ಯಾದೆ ಇದೆ, ಅಲ್ವಾ?

ಪ್ರಾರ್ಥನೆ ಬೇಜಾರಾಗುವುದು ಕೂತಲ್ಲೇ ಕೂತು 14 ಸ್ಥಳಗಳನ್ನೂ ಒಂದೇ ಉಸಿರಿಗೆ ಓದಿ ಮುಗಿಸುವುದರಿಂದ. ಹೊರಗೆ ಮರಗಳ ಕೆಳಗೆ ನಡೆಸಿ, ಅದರ ಹೆಸರೇ ಹಾದಿ. ಐದನೇ ಸ್ಥಳದಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಿ. ಸಿರೇನ್ ಊರಿನ ಸಿಮೋನ ಹಳ್ಳಿ ಕಡೆಯಿಂದ ತನ್ನ ಪಾಡಿಗೆ ಬರುತ್ತಿದ್ದವನು. ಸೈನಿಕರು ಹಿಡಿದು ಯೇಸುವಿನ ಶಿಲುಬೆ ಹೊರಿಸಿದರು. ಅವನು ತಾನಾಗಿ ಮುಂದೆ ಬಂದವನಲ್ಲ, ಆದರೂ ಹೊತ್ತ. ಆರನೇ ಸ್ಥಳದಲ್ಲಿ ವೆರೋನಿಕ ಬಟ್ಟೆಯಿಂದ ಯೇಸುವಿನ ಮುಖ ಒರೆಸುತ್ತಾಳೆ. ಇದು ಬೈಬಲಿನಲ್ಲಿಲ್ಲ, ಪರಂಪರೆಯಿಂದ ಬಂದ ಕಥೆ. ಮಕ್ಕಳು ಕೇಳಿದರೆ ಹಾಗೇ ಹೇಳಿ. ಆಮೇಲೆ ಈ ವಾರ ಯಾರ ಭಾರಕ್ಕೆ ಕೈ ಕೊಡಬಹುದು ಅಂತ ಕೇಳಿ, ಅರ್ಧ ನಿಮಿಷ ಸುಮ್ನೆ ಇರಿ. ಉತ್ತರ ಬಾಯಿ ಬಿಟ್ಟು ಹೇಳಿಸಬೇಡಿ. ಪ್ರಾರ್ಥನೆಗೂ ಡ್ರಮ್ಮಿಗೂ ಇರುವ ಸಂಬಂಧ ಅವರಿಗೆ ಅಲ್ಲೇ ಸಿಗುತ್ತದೆ. ಬೇರೆ ಧರ್ಮದ ಮಕ್ಕಳು ಬಂದರೆ ಬರಲಿ, ಬಾರದವರು ಲೈಬ್ರರಿಯಲ್ಲಿ ಓದಿಕೊಳ್ಳಲಿ. ಯಾಕೆ ಬರಲಿಲ್ಲ ಅಂತ ಕೇಳಬೇಡಿ.

ಪ್ರಶ್ನೆ: ಪಕ್ಕದ ಮನೆಯವರು ಶುಕ್ರವಾರ ಕೋಳಿ ಮುಟ್ಟುವುದಿಲ್ಲ, ಮೀನು ತಿನ್ನುತ್ತಾರೆ. ಇದೆಂಥ ತಪಸ್ಸು?
— ಓದುಗರು, ಭದ್ರಾವತಿ

ಉತ್ತರ: ಚರ್ಚಿನ ನಿಯಮದಲ್ಲಿ ಮಾಂಸ ಅಂದರೆ ನೆಲದ ಪ್ರಾಣಿ ಪಕ್ಷಿಗಳದ್ದು, ಮೀನು ಅದರಲ್ಲಿ ಸೇರುವುದಿಲ್ಲ. ಹಾಗಾಗಿ ಅವರು ತಪ್ಪು ಮಾಡುತ್ತಿಲ್ಲ. ಆದರೆ ಕೋಳಿಗಿಂತ ದುಬಾರಿಯ ಅಂಜಲ್ ತಂದು ಹುರಿದರೆ ಬಿಟ್ಟದ್ದೇನೂ ಉಳಿಯುವುದಿಲ್ಲ ಅನ್ನುವುದು ನನ್ನ ಅನಿಸಿಕೆ. ನಮ್ಮ ಮನೆಯಲ್ಲಿ ಅಮ್ಮ ಆ ಶುಕ್ರವಾರಗಳಲ್ಲಿ ಬೂತಾಯಿ ಸಾರು ಮಾಡುತ್ತಿದ್ದಳು, ಅದೂ ಸಿಕ್ಕಿದರೆ. ಇಲ್ಲದಿದ್ದರೆ ಗಂಜಿ, ಮಾವಿನ ಮಿಡಿ ಉಪ್ಪಿನಕಾಯಿ. ಉಳಿದ ಚಿಲ್ಲರೆ ಮನೆಯ ಅಲ್ತಾರಿನ (ಪ್ರಾರ್ಥನೆಯ ಪೀಠದ) ಪಕ್ಕದ ಹಾರ್ಲಿಕ್ಸ್ ಬಾಟಲಿಗೆ ಹೋಗುತ್ತಿತ್ತು. ಅದನ್ನು ಈಸ್ಟರ್ ಹಿಂದಿನ ದಿನ ಅವಳು ಯಾರಿಗೆ ಕೊಡುತ್ತಿದ್ದಳು ಅಂತ ನಮಗೆ ಕೊನೆವರೆಗೂ ಹೇಳಲಿಲ್ಲ.