ಬದನವಾಳಿನ ಹಳೆ ಸ್ಟೇಷನ್ ಬಗ್ಗೆ ಕೇಳಿದ್ದಿರಲ್ಲ

ನಂಜನಗೂಡು ದಾಟಿ ಚಾಮರಾಜನಗರದ ಕಡೆ ಹೋಗುವಾಗ ನೀವು ನೋಡಿದ ಆ ಖಾಲಿ ಕಟ್ಟಡ ಬದನವಾಳಿನ ಹಳೆ ರೈಲ್ವೆ ಸ್ಟೇಷನ್. ರೈಲು ಓಡಾಡುವ ಸೀಮೆಯಲ್ಲಿ ಸ್ಟೇಷನ್ ಯಾಕೆ ಪಾಳು ಬಿತ್ತು ಅಂತ ಕೇಳಿದ್ದೀರಿ. ಅದಕ್ಕೆ ಇಡೀ ಲೈನಿನ ಕಥೆಯನ್ನೇ ಹೇಳಬೇಕು.

ಮೈಸೂರಿನಿಂದ ನಂಜನಗೂಡಿಗೆ ರೈಲು ಬಂದದ್ದು 1891ರಲ್ಲಿ. ಅದು ಚಾಮರಾಜನಗರ ಮುಟ್ಟುವ ಹೊತ್ತಿಗೆ 1926 ಆಗಿತ್ತು. ಒಟ್ಟು 61 ಕಿ.ಮೀ., ಎಲ್ಲ ಮೀಟರ್‌ಗೇಜ್, ಅಂದರೆ ಎರಡು ಹಳಿಗಳ ನಡುವೆ ಒಂದು ಮೀಟರ್ ಅಂತರ. ಈ ದಾರಿಯಲ್ಲಿ ನನಗೆ ತುಂಬಾ ಹೆಮ್ಮೆ ಇರುವುದು ನಂಜನಗೂಡಿನ ಕಲ್ಲಿನ ಸೇತುವೆ ಬಗ್ಗೆ. ದಳವಾಯಿ ದೇವರಾಜಯ್ಯ ಅದನ್ನು 1735ರಲ್ಲಿ ಕಟ್ಟಿಸಿದ್ದು. ಆಗ ಜಗತ್ತಿನಲ್ಲಿ ಎಲ್ಲೂ ಉಗಿಬಂಡಿ ಇರಲಿಲ್ಲ! ಅಂಥ ಸೇತುವೆಯ ಒಂದು ಪಕ್ಕಕ್ಕೆ ಹಳಿ ಹಾಕಿದರು. ಇನ್ನೊಂದು ಪಕ್ಕದಲ್ಲಿ ಗಾಡಿ, ಬಸ್ಸು. ಕಪಿಲಾ ನದಿಯನ್ನು ರೈಲೂ ಬಸ್ಸೂ ಜೊತೆಯಲ್ಲೇ ದಾಟುತ್ತಿದ್ದವು. ನಂಜುಂಡೇಶ್ವರನ ದೊಡ್ಡ ಜಾತ್ರೆಗೆ ಬರುವವರ ಭಾರವನ್ನೂ ಅದೇ ಹೊತ್ತಿತು.

ಬದನವಾಳಿಗೆ ಹೆಸರು ಬಂದದ್ದು ಖಾದಿಯಿಂದ. ಗಾಂಧಿವಾದಿ ತಗಡೂರು ರಾಮಚಂದ್ರರಾಯರು ಈ ಭಾಗದಲ್ಲಿ ಚರಕದ ಕೆಲಸಕ್ಕೆ ಜೀವ ಕೊಟ್ಟರು. ಇಲ್ಲಿನ ಹೆಣ್ಣುಮಕ್ಕಳು ನೂಲುವುದನ್ನು ನೋಡಲು ಗಾಂಧೀಜಿಯೂ ಬಂದಿದ್ದರು. ಇಷ್ಟು ಸಣ್ಣ ಊರಿನ ಸ್ಟೇಷನ್ನಿಗೆ ಇದಕ್ಕಿಂತ ದೊಡ್ಡ ನೆರೆಹೊರೆ ಇನ್ನೇನು ಬೇಕು ಹೇಳಿ?

ಆಮೇಲೆ ಗೇಜ್ ಬದಲಾಯಿತು. 2008ರಲ್ಲಿ ಹೆಚ್ಚು ಅಗಲದ ಹಳಿಯ ಮೇಲೆ ಬ್ರಾಡ್‌ಗೇಜ್ ರೈಲು ಓಡಿತು, ಹಳೆ ಸೇತುವೆಗೆ ರೈಲಿನ ಕೆಲಸ ತಪ್ಪಿತು. ಬದನವಾಳಿನ ಸ್ಟೇಷನ್ನೂ ಬಳಕೆ ತಪ್ಪಿ ಮೀಟರ್‌ಗೇಜ್ ಕಾಲಕ್ಕೇ ಉಳಿದುಹೋಯಿತು. ದೊಡ್ಡ ರೈಲು ಬಂದದ್ದು ಒಳ್ಳೆಯದೇ. ಈಗ ಚಾಮರಾಜನಗರದಿಂದ ತಿರುಪತಿವರೆಗೂ ಹೋಗಬಹುದು. ಆದರೆ ಹಳೆ ಕಟ್ಟಡವನ್ನು ಸುಮ್ನೆ ಬೀಳಲು ಬಿಡಬಾರದು ಅಂತ ನನ್ನ ಆಸೆ.

ಲೈನು ಚಾಮರಾಜನಗರಕ್ಕೇ ಯಾಕೆ ಮುಗಿಯುತ್ತದೆ ಅಂತಲೂ ಕೇಳಿದ್ದೀರಿ. ಅದರಾಚೆ ಸತ್ಯಮಂಗಲದ ಕಾಡು, ತಮಿಳುನಾಡು. ಮೆಟ್ಟುಪಾಳ್ಯಕ್ಕೆ ಹಳಿ ಹಾಕುವ ಮಾತು ಎಷ್ಟೋ ವರ್ಷದಿಂದ ಇದೆ. ಕೇರಳದವರು ನಂಜನಗೂಡಿನಿಂದ ನಿಲಂಬೂರಿಗೆ ರೈಲು ಕೇಳುತ್ತಾರೆ, ಅಲ್ಲಿಯೂ ಕಾಡು ಅಡ್ಡ. ಆನೆ ಓಡಾಡುವ ಜಾಗದಲ್ಲಿ ಹಳಿ ಬೇಡ ಅನ್ನುವವರ ಮಾತೇ ನನಗೆ ಸರಿ ಕಾಣುತ್ತದೆ. ಊಟಿಗೆ, ವಯನಾಡಿಗೆ ನಾವು ಗುಂಡ್ಲುಪೇಟೆ ಮೇಲೆ ಬಸ್ಸಿನಲ್ಲೇ ಹೋಗುತ್ತೇವೆ.

ಮತ್ತೆ ಈ ಕಡೆ ಬಂದರೆ ಮೈಸೂರಿನಿಂದ ನಂಜನಗೂಡಿಗೆ ರೈಲಿನಲ್ಲೇ ಬನ್ನಿ. ಮೊದಲು ಹಳೆ ಸೇತುವೆ ನೋಡಿ, ಆಮೇಲೆ ಬಸ್ಸು ಹಿಡಿದು ಬದನವಾಳಿಗೆ ಹೋಗಿ. ಸ್ಟೇಷನ್ ಜೊತೆಗೆ ಖಾದಿ ಕೇಂದ್ರವನ್ನೂ ನೋಡಿಕೊಂಡು ಬನ್ನಿ.